ಪ್ರಮಾಣಪತ್ರದ ನಂತರದ ಓದು: ನಮ್ಮ ಭಾಗದ ಶುಶ್ರೂಷಕಿಯರ ನಿರಂತರ ಶಿಕ್ಷಣ

ನಮ್ಮ ಕಡೆಯ ಮನೆಗಳಲ್ಲಿ ಹೆಣ್ಣುಮಗಳೊಬ್ಬಳು ನರ್ಸಿಂಗ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಂದಳೆಂದರೆ ಅವಳ ಪ್ರಮಾಣಪತ್ರಕ್ಕೆ ಗಾಜಿನ ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕುವುದು ವಾಡಿಕೆ. “ಮಗಳ ಓದು ಮುಗಿಯಿತು, ಇನ್ನು ನೌಕರಿ, ಅದಾದ ಮೇಲೆ ಮದುವೆ” ಎಂದು ಹಿರಿಯರು ನೆಮ್ಮದಿಯ ಉಸಿರು ಬಿಡುತ್ತಾರೆ. ಮೂರು ವರ್ಷದ ಜಿ.ಎನ್.ಎಂ. ಇರಲಿ, ನಾಲ್ಕು ವರ್ಷದ ಬಿ.ಎಸ್‌ಸಿ. ಇರಲಿ, ಎರಡು ವರ್ಷದ ಎ.ಎನ್.ಎಂ. ಇರಲಿ, ಒಕ್ಕಲುತನದ ಆದಾಯದಲ್ಲಿ ಶುಲ್ಕ ಕಟ್ಟಿ, ವಸತಿಗೃಹದ ಖರ್ಚು ಹೊತ್ತು ಓದಿಸಿದ ತಂದೆತಾಯಿಗಳಿಗೆ ಆ ನೆಮ್ಮದಿ ಸಲ್ಲತಕ್ಕದ್ದೇ.

ಆದರೆ ಕಟ್ಟಿನೊಳಗಿನ ಕಾಗದಕ್ಕೆ ವಯಸ್ಸಾಗದಿದ್ದರೂ ಅದರ ಹಿಂದಿನ ವಿದ್ಯೆಗೆ ವಯಸ್ಸಾಗುತ್ತದೆ. ಮೂವತ್ತು ಮೂವತ್ತೈದು ವರ್ಷಗಳ ಹಿಂದೆ ತರಬೇತಿ ಪಡೆದ ನರ್ಸ್‌ಗೆ, ಮಗು ಹೊರಬಂದ ಕೂಡಲೇ ಹೊಕ್ಕುಳಬಳ್ಳಿಯನ್ನು ಕತ್ತರಿಸಬೇಕೆಂದು ಕಲಿಸಲಾಗಿತ್ತು. ಇಂದಿನ ನಿಯಮ ಬೇರೆ. ಮಗು ಚೆನ್ನಾಗಿ ಉಸಿರಾಡುತ್ತಿದ್ದರೆ ಒಂದರಿಂದ ಮೂರು ನಿಮಿಷ ಕಾಯಬೇಕು. ಆ ಅವಧಿಯಲ್ಲಿ ಬಳ್ಳಿಯ ಮೂಲಕ ಮಗುವಿನ ಮೈಸೇರುವ ರಕ್ತದಲ್ಲಿರುವ ಕಬ್ಬಿಣದ ಅಂಶ ಮುಂದಿನ ಹಲವು ತಿಂಗಳುಗಳ ಕಾಲ ಅದಕ್ಕೆ ಆಧಾರವಾಗುತ್ತದೆ. ಉಸಿರಾಡದ ಕೂಸನ್ನು ಕಾಲು ಹಿಡಿದು ತಲೆಕೆಳಗಾಗಿ ಎತ್ತಿ ಬೆನ್ನಿಗೆ ತಟ್ಟುವ ಪದ್ಧತಿಯನ್ನು ನಮ್ಮಲ್ಲಿ ಹಲವರು ಕಣ್ಣಾರೆ ಕಂಡಿದ್ದಾರೆ. ಅದನ್ನು ಕೈಬಿಟ್ಟು, ಮೈ ಒರೆಸಿ, ಬೆಚ್ಚಗಿರಿಸಿ, ಅಗತ್ಯವಾದರೆ ಒಂದು ನಿಮಿಷದೊಳಗೆ ಗಾಳಿಚೀಲ ಮತ್ತು ಮುಖವಾಡದಿಂದ ಉಸಿರು ತುಂಬಬೇಕೆಂದು ಈಗ ಕಲಿಸುತ್ತಾರೆ. ಗರ್ಭಿಣಿಗೆ ರಕ್ತದೊತ್ತಡ ಏರಿ ನಂಜು ಬಂದಾಗ ಮೊದಲು ಕೊಡುತ್ತಿದ್ದ ಔಷಧಿಗಳಿಗಿಂತ ಮೆಗ್ನೀಸಿಯಂ ಸಲ್ಫೇಟ್ ಉತ್ತಮವೆಂಬುದು 1995ರ ಅಂತರರಾಷ್ಟ್ರೀಯ ಅಧ್ಯಯನದಿಂದ ಸ್ಥಿರಪಟ್ಟಿತು. ಹೃದಯ ನಿಂತವರಿಗೆ ಮೊದಲು ಬಾಯಿಂದ ಉಸಿರು, ಅನಂತರ ಎದೆಯೊತ್ತು ಎಂದಿದ್ದ ಕ್ರಮ 2010ರಲ್ಲಿ ತಿರುವುಮುರುವಾಯಿತು.

ಇಲ್ಲಿ ಯಾರನ್ನೂ ದೂಷಿಸಬೇಕಾದುದಿಲ್ಲ. ಆ ಹಿರಿಯ ಸಿಸ್ಟರ್ ಕಲಿತದ್ದು ಆ ಕಾಲದ ಅತ್ಯುತ್ತಮ ಜ್ಞಾನವನ್ನೇ. ಅವಳ ಪಾಠ ಮುಗಿದ ಮೇಲೆ ಶಾಸ್ತ್ರ ಮುಂದೆ ನಡೆಯಿತು. ಆ ಸುದ್ದಿಯನ್ನು ಅವಳಿಗೆ ತಲುಪಿಸುವ ಹೊಣೆ ಯಾರದು, ತಲುಪಿಸುವ ಬಗೆ ಯಾವುದು ಎಂಬುದೇ ಈ ಲೇಖನದ ವಿಷಯ.

ಮುಧೋಳ ತಾಲೂಕಿನ ಲೋಕಾಪುರವನ್ನೇ ತೆಗೆದುಕೊಳ್ಳೋಣ. ಬಾಗಲಕೋಟೆಯಿಂದ ಬೆಳಗಾವಿಗೆ ಹೋಗುವ ದಾರಿಯಲ್ಲಿರುವ ಈ ಊರಿನಿಂದ ಒಂದು ಕಡೆ ಮುಧೋಳ, ಜಮಖಂಡಿ, ಇನ್ನೊಂದು ಕಡೆ ಬಾಗಲಕೋಟೆ. ಸುತ್ತ ಸುಣ್ಣದ ಕಲ್ಲಿನ ನೆಲ, ಕಬ್ಬಿನ ಹೊಲ. ಕಬ್ಬು ಕಡಿಯುವ ಹಂಗಾಮಿನಲ್ಲಿ ಪರಸ್ಥಳದಿಂದ ಬಂದ ಕೂಲಿಕಾರರ ಗುಡಿಸಲುಗಳು ಹೊಲದಂಚಿನಲ್ಲಿ ಏಳುತ್ತವೆ. ಅವರಲ್ಲಿ ದಿನ ತುಂಬಿದ ಬಸುರಿಯರೂ ಇರುತ್ತಾರೆ. ಅತ್ತ ರಬಕವಿ-ಬನಹಟ್ಟಿಯಲ್ಲಿ ದಿನವಿಡೀ ಮಗ್ಗದ ಮುಂದೆ ಕುಳಿತ ನೇಕಾರ ಹೆಣ್ಣುಮಕ್ಕಳು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡಾ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಮೊದಲೇ ರಕ್ತ ಕಡಿಮೆಯಿರುವ ತಾಯಿಗೆ ಹೆರಿಗೆಯಲ್ಲಿ ರಕ್ತ ಹರಿದುಹೋದರೆ ತಡೆದುಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು?

ಇಂಥ ಊರುಗಳ ದವಾಖಾನೆಯಲ್ಲಿ ರಾತ್ರಿ ಎರಡು ಗಂಟೆಗೆ ಹೆರಿಗೆಯಾದರೆ ಮೊದಲ ಹತ್ತು ನಿಮಿಷಗಳ ವೈದ್ಯ ಯಾರು? ನರ್ಸೇ. ವೈದ್ಯರನ್ನು ಕರೆಯಬೇಕು, ಆಂಬುಲೆನ್ಸ್ ಕರೆಸಬೇಕು, ಬಾಗಲಕೋಟೆಗೋ ಬೆಳಗಾವಿಗೋ ಒಯ್ಯಬೇಕು, ಅದೆಲ್ಲ ನಿಜ. ಆದರೆ ಹೆರಿಗೆಯ ನಂತರದ ತೀವ್ರ ರಕ್ತಸ್ರಾವ ಗಟ್ಟಿಮುಟ್ಟಾದ ಹೆಣ್ಣುಮಗಳನ್ನೂ ಎರಡು ಗಂಟೆಗಳ ಒಳಗೆ ಕೊಂಡೊಯ್ಯಬಲ್ಲದು. ದಾರಿಯಲ್ಲೇ ಅರ್ಧ ಅವಧಿ ಕಳೆಯುತ್ತದೆ. ಆ ಹೊತ್ತಿನಲ್ಲಿ ಅವಳ ಕೈಗೆ ಏನು ಗೊತ್ತಿದೆ ಎಂಬುದರ ಮೇಲೆ ಒಂದು ಮನೆಯ ದೀಪ ನಿಂತಿರುತ್ತದೆ.

ಬೆಳಗಾವಿಯ ಹಳ್ಳಿಗಳಲ್ಲಿ ನಡೆದದ್ದು

ನಮ್ಮ ನೆರೆಯ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ನಡೆದ ಒಂದು ಕಾರ್ಯ ಜಗತ್ತಿನ ವೈದ್ಯಶಾಸ್ತ್ರದಲ್ಲಿ ದಾಖಲಾಗಿದೆ. ಆದರೆ ನಮ್ಮಲ್ಲೇ ಅದನ್ನು ಬಲ್ಲವರು ಕಡಿಮೆ. 1916ರಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಎಲ್ಲರೂ ಬಲ್ಲರು. ಅದರ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯ 1963ರಲ್ಲಿ ಆರಂಭವಾಯಿತು. ಆ ಮಹಾವಿದ್ಯಾಲಯದ ವೈದ್ಯರು ಅಮೆರಿಕದ ಸಹೋದ್ಯೋಗಿಗಳೊಡನೆ ಸೇರಿ ಕೈಗೊಂಡ ಪ್ರಯೋಗವದು.

ಪ್ರಶ್ನೆ ಸರಳವಾಗಿತ್ತು. ಹೆರಿಗೆಯ ನಂತರ ಗರ್ಭಕೋಶ ಬಿಗಿಯಾಗಲು ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿಡಬೇಕು, ಸೂಜಿ ಬೇಕು, ಚುಚ್ಚುವ ಕೈ ಬೇಕು. ವಿದ್ಯುತ್ತಿನ ಭರವಸೆಯೇ ಇಲ್ಲದ ಉಪಕೇಂದ್ರದಲ್ಲಿ, ಇಲ್ಲವೇ ಮನೆಯಲ್ಲಿ ನಡೆಯುವ ಹೆರಿಗೆಯಲ್ಲಿ, ಅದರ ಬದಲು ನುಂಗುವ ಮಾತ್ರೆಯೊಂದನ್ನು ಕೊಟ್ಟರೆ ರಕ್ತಸ್ರಾವ ತಗ್ಗುವುದೇ? ಮಾತ್ರೆಯ ಹೆಸರು ಮಿಸೊಪ್ರೊಸ್ಟಾಲ್. ಪ್ರಮಾಣ 600 ಮೈಕ್ರೋಗ್ರಾಂ. ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 1620 ತಾಯಂದಿರು ಒಪ್ಪಿ ಇದರಲ್ಲಿ ಪಾಲ್ಗೊಂಡರು. ಅರ್ಧದಷ್ಟು ಜನಕ್ಕೆ ನಿಜವಾದ ಮಾತ್ರೆ, ಉಳಿದ ಅರ್ಧಕ್ಕೆ ಅದರಂತೆಯೇ ಕಾಣುವ ನಿರ್ಗುಣ ಮಾತ್ರೆ.

ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ಸ್ರವಿಸಿದ ರಕ್ತವನ್ನು ಅಳೆದು ಬರೆದಿಟ್ಟವರು 25 ಮಂದಿ ಎ.ಎನ್.ಎಂ.ಗಳು. ಸೈಕಲ್ಲಿನಲ್ಲೋ ಬಸ್ಸಿನಲ್ಲೋ ನಡೆದೋ ಊರೂರು ತಿರುಗುವ ಅದೇ ನರ್ಸಮ್ಮಂದಿರು. ಅವರಿಗೆ ಈ ಕಾರ್ಯಕ್ಕಾಗಿ ಹೊಸದಾಗಿ ಕಲಿಸಲಾಯಿತು. ಫಲವೇನಾಯಿತು? ನಿರ್ಗುಣ ಮಾತ್ರೆ ಪಡೆದವರಲ್ಲಿ ನೂರಕ್ಕೆ 12 ಮಂದಿಗೆ ರಕ್ತಸ್ರಾವವಾಗಿದ್ದರೆ, ಮಿಸೊಪ್ರೊಸ್ಟಾಲ್ ಪಡೆದವರಲ್ಲಿ ಅದು 6.4ಕ್ಕೆ ಇಳಿಯಿತು. ತೀವ್ರ ಸ್ವರೂಪದ ಸ್ರಾವ ಶೇಕಡಾ 1.2ರಿಂದ 0.2ಕ್ಕೆ ಇಳಿಯಿತು. ಹದಿನೆಂಟು ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ ಎಂಬ ಲೆಕ್ಕ. 2006ರಲ್ಲಿ ‘ಲ್ಯಾನ್ಸೆಟ್’ ಎಂಬ ಪ್ರಸಿದ್ಧ ವೈದ್ಯಪತ್ರಿಕೆ ಇದನ್ನು ಪ್ರಕಟಿಸಿತು. ನಮ್ಮ ದೇಶದಲ್ಲಿ ಎ.ಎನ್.ಎಂ.ಗಳಿಗಾಗಿ 2010ರಲ್ಲಿ ಹೊರಟ ಹೆರಿಗೆ ಮಾರ್ಗಸೂಚಿಯಲ್ಲಿ ಈ ಮಾತ್ರೆಗೆ ಸ್ಥಾನ ದೊರೆಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉದ್ದೇಶಕ್ಕಾಗಿ ಇದನ್ನು ಅತ್ಯವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು. (ಮಗು ಹುಟ್ಟುವ ಮುನ್ನ ಇದನ್ನು ಕೊಟ್ಟರೆ ಗರ್ಭಕೋಶವೇ ಬಿರಿಯುವ ಅಪಾಯವಿದೆ. ಅಂಗಡಿಯಿಂದ ತಂದು ಮನೆಯಲ್ಲಿ ಕೊಡುವ ಔಷಧಿ ಇದಲ್ಲವೆಂಬುದನ್ನು ಹಿರಿಯರು ನೆನಪಿಡಬೇಕು.)

ಇದೇ ಕಾರ್ಯದ ಜೊತೆಜೊತೆಗೆ ಬೆಳಗಾವಿಯಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂದಿತು. ಹೆರಿಗೆಯ ಹೊತ್ತಿನ ರಕ್ತವನ್ನು ನಾವೆಲ್ಲ ಕಣ್ಣಂದಾಜಿನಲ್ಲಿ ಹೇಳುತ್ತೇವೆ. “ಸ್ವಲ್ಪ ಹೋಯ್ತು”, “ಬಹಳ ಹೋಯ್ತು” ಎಂದು. ತಾಯಿಯ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಸು, ಅದರ ತುದಿಗೆ ಆಲಿಕೆಯಂತೆ ಇಳಿದ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು, ಇಂಥದೊಂದು ಸರಳ ಸಾಧನವನ್ನು ರೂಪಿಸಿ ಅಳೆದು ನೋಡಿದಾಗ, ಕಣ್ಣಂದಾಜು ನಿಜವಾದ ಪ್ರಮಾಣಕ್ಕಿಂತ ಮೂರನೆಯ ಒಂದು ಪಾಲಿನಷ್ಟು ಕಡಿಮೆಯಾಗಿ ಹೇಳುತ್ತದೆಂಬುದು ತಿಳಿಯಿತು. ಅಂದರೆ ಅನುಭವಸ್ಥ ಕಣ್ಣು ಸಹ ಮೋಸಹೋಗುತ್ತದೆ. ಅಳತೆಯ ಇಂಥ ಹಾಸನ್ನೇ ಮೊದಲ ಹೆಜ್ಜೆಯಾಗಿಟ್ಟುಕೊಂಡು, ರಕ್ತ ಮಿತಿಮೀರಿದೊಡನೆ ಮಾಡಬೇಕಾದ ಕ್ರಮಗಳನ್ನೆಲ್ಲ ಒಟ್ಟಿಗೆ ಕಲಿಸಿದ ಪ್ರಯೋಗ ಆಫ್ರಿಕದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಹೆರಿಗೆಗಳ ಮೇಲೆ ನಡೆಯಿತು. 2023ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ತೀವ್ರ ರಕ್ತಸ್ರಾವ ಮತ್ತು ಅದರ ದುಷ್ಪರಿಣಾಮಗಳು ಶೇಕಡಾ 60ರಷ್ಟು ತಗ್ಗಿದವು. ಬೆಳಗಾವಿಯ ಹಳ್ಳಿಯ ನರ್ಸಮ್ಮ ಹಿಡಿದ ಅಳತೆಯ ಚೀಲದ ಬಗೆಯದು ಈಗ ಕೀನ್ಯಾ, ನೈಜೀರಿಯಾಗಳ ಹೆರಿಗೆ ಕೋಣೆಯಲ್ಲಿದೆ. ನಮ್ಮೂರಿನ ಹೆರಿಗೆ ಕೋಣೆಯಲ್ಲಿದೆಯೇ ಎಂದು ವಿಚಾರಿಸುವುದು ನಮ್ಮ ಹಕ್ಕು.

ಈ ಕಥೆಯನ್ನು ಇಷ್ಟು ವಿವರವಾಗಿ ಹೇಳಲು ಕಾರಣವುಂಟು. ನಿರಂತರ ಶಿಕ್ಷಣವೆಂದರೆ ಪಟ್ಟಣದ ದೊಡ್ಡ ಆಸ್ಪತ್ರೆಯ ನರ್ಸುಗಳಿಗೆ ಮಾತ್ರ ಸಂಬಂಧಿಸಿದ್ದು, ಇಂಗ್ಲಿಷ್ ಬಲ್ಲವರಿಗೆ ಮಾತ್ರ ಎಟುಕುವಂಥದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆ ಇಪ್ಪತ್ತೈದು ಮಂದಿ ಹಳ್ಳಿಯ ಎ.ಎನ್.ಎಂ.ಗಳು ಅದನ್ನು ಸುಳ್ಳುಮಾಡಿದರು.

ಕೈ ಮರೆಯುತ್ತದೆ

ಬೆಳಗಾವಿಯ ಅದೇ ವೈದ್ಯಬಳಗ ಮುಂದೆ ಹುಟ್ಟಿದ ಕೂಸಿನ ಮೊದಲ ಉಸಿರಿನ ಕಡೆಗೆ ಗಮನ ಹರಿಸಿತು. ಹಳ್ಳಿಯ ಆರೋಗ್ಯ ಕೇಂದ್ರಗಳ ಮತ್ತು ಆಸ್ಪತ್ರೆಗಳ 599 ಮಂದಿ ಹೆರಿಗೆ ಮಾಡಿಸುವವರಿಗೆ, ರಬ್ಬರಿನ ಕೂಸಿನ ಗೊಂಬೆಯನ್ನಿಟ್ಟು, ಗಾಳಿಚೀಲ ಒತ್ತಿ ಒತ್ತಿ ಕಲಿಸಲಾಯಿತು. ಸತ್ತು ಹುಟ್ಟಿದ ಶಿಶುಗಳೆಂದು ಬರೆಯಲಾಗುತ್ತಿದ್ದ ಪ್ರಮಾಣ ನೂರಕ್ಕೆ 3.0ರಿಂದ 2.3ಕ್ಕೆ ಇಳಿಯಿತು. ಇಳಿದದ್ದೇಕೆ? ಉಸಿರಿಲ್ಲದ ಕೂಸುಗಳಲ್ಲಿ ಕೆಲವು ಸತ್ತಿರಲಿಲ್ಲ. ಉಸಿರು ತುಂಬುವ ಕೈಗಾಗಿ ಕಾದಿದ್ದವು. ಈ ವಾಕ್ಯವನ್ನು ಬರೆಯುವಾಗ ಲೇಖನಿ ಒಂದು ಕ್ಷಣ ನಿಲ್ಲುತ್ತದೆ. ನಮ್ಮ ಮನೆತನಗಳಲ್ಲಿ “ಹುಟ್ಟುವಾಗಲೇ ಹೋಗಿತ್ತು” ಎಂದು ಮಣ್ಣುಮಾಡಿದ ಕೂಸುಗಳೆಷ್ಟೋ.

ಆದರೆ ಒಮ್ಮೆ ಕಲಿಸಿದರೆ ಸಾಲದು. ಈಜು, ಸೈಕಲ್ ಇವುಗಳನ್ನು ದೇಹ ಮರೆಯುವುದಿಲ್ಲವೆಂಬ ಮಾತಿದೆ. ವರ್ಷಕ್ಕೆ ಒಂದೆರಡು ಸಲ ಮಾತ್ರ ಬಳಕೆಗೆ ಬರುವ ಕೌಶಲವನ್ನು ಕೈ ಖಂಡಿತ ಮರೆಯುತ್ತದೆ. ಚಿಕ್ಕ ಊರಿನ ಹೆರಿಗೆ ಕೋಣೆಯಲ್ಲಿ ನಂಜಿನ ಬಸುರಿ ದಿನಾಲೂ ಬರುವುದಿಲ್ಲ. ಉಸಿರಿಲ್ಲದ ಕೂಸು ವಾರವಾರ ಹುಟ್ಟುವುದಿಲ್ಲ. ಬಂದ ದಿನ ಮಾತ್ರ ಕೈ ನಡುಗಬಾರದು.

ವಿಶ್ವ ಆರೋಗ್ಯ ಸಂಸ್ಥೆಯ ‘ಸುರಕ್ಷಿತ ಹೆರಿಗೆಯ ಪರಿಶೀಲನಾ ಪಟ್ಟಿ’ಯ ಕಥೆ ಇಲ್ಲಿ ಬೋಧಪ್ರದವಾಗಿದೆ. 2010ರಲ್ಲಿ ಅದನ್ನು ಮೊದಲು ಪರೀಕ್ಷಿಸಿದ್ದು ಕರ್ನಾಟಕದ್ದೇ ಒಂದು ತಾಲೂಕು ಮಟ್ಟದ ಹೆರಿಗೆ ಆಸ್ಪತ್ರೆಯಲ್ಲಿ. ಪ್ರತಿ ಹೆರಿಗೆಯಲ್ಲೂ ಮಾಡಬೇಕಾದ 29 ಕ್ರಮಗಳ ಪೈಕಿ ಮೊದಲು ಸರಾಸರಿ 10 ಮಾತ್ರ ಪಾಲನೆಯಾಗುತ್ತಿದ್ದವು. ಪಟ್ಟಿ ಬಂದ ಮೇಲೆ 25 ಪಾಲನೆಯಾದವು. ಎಲ್ಲರಿಗೂ ಹುಮ್ಮಸ್ಸು ಬಂದಿತು. ಅದೇ ಪಟ್ಟಿಯನ್ನು ಉತ್ತರ ಪ್ರದೇಶದಲ್ಲಿ ಬೃಹತ್ ಪ್ರಮಾಣದಲ್ಲಿ, ತರಬೇತುದಾರರನ್ನು ಕೆಲವು ತಿಂಗಳು ಕಳುಹಿಸಿ ಜಾರಿಗೆ ತಂದರು. ಎರಡನೆಯ ತಿಂಗಳಲ್ಲಿ ಶೇಕಡಾ 72.8ರಷ್ಟಿದ್ದ ಪಾಲನೆ, ತರಬೇತುದಾರರ ಭೇಟಿಗಳು ನಿಂತ ಬಳಿಕ, ಹನ್ನೆರಡನೆಯ ತಿಂಗಳಿಗೆ 61.7ಕ್ಕೆ ಕುಸಿಯಿತು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ತಾಯಿ-ಮಕ್ಕಳ ಸಾವು ಮಾತ್ರ ಇಳಿಯಲೇ ಇಲ್ಲ. ಕಾಗದದ ಮೇಲೆ ಗೆರೆ ಎಳೆಯುವುದು ಬೇರೆ, ರಕ್ತ ನಿಲ್ಲಿಸುವ ಕೈಚಳಕ ಬೇರೆ, ಔಷಧಿ ಕಪಾಟಿನಲ್ಲಿ ಔಷಧಿ ಇರುವುದು ಇನ್ನೂ ಬೇರೆ.

ನಮ್ಮ ಹಿಂದಿನ ಸೂಲಗಿತ್ತಿಯರನ್ನು ಇಲ್ಲಿ ನೆನೆಯಬೇಕು. ಪಾವಗಡದ ಸೂಲಗಿತ್ತಿ ನರಸಮ್ಮನವರು ಅಜ್ಜಿಯ ಬದಿಯಲ್ಲಿ ನಿಂತು ಕಲಿತು ಸಾವಿರಾರು ಹೆರಿಗೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಮನೆಯ ಹೆರಿಗೆಯ ಕಾಲ ಹೋಯಿತು, ಹೋದದ್ದು ಒಳ್ಳೆಯದೇ. ಆದರೆ ಪಕ್ಕದಲ್ಲಿ ನಿಂತು, ನೋಡಿ, ತಿದ್ದಿಸಿಕೊಂಡು ಕಲಿಯುವ ಆ ಕ್ರಮವಿದೆಯಲ್ಲ, ಅದನ್ನು ತರಗತಿಯ ಕೋಣೆ ಇನ್ನೂ ಮೀರಿಸಿಲ್ಲ.

ದವಾಖಾನೆಗೇ ಬಂದ ಗುರು

ಈ ತತ್ವವನ್ನೇ ಹಿಡಿದು ನಮ್ಮ ಉತ್ತರ ಕರ್ನಾಟಕದಲ್ಲಿ ನಡೆದ ಯೋಜನೆಯೊಂದು ‘ಸುಕ್ಷೇಮ’. ಬಾಗಲಕೋಟೆ, ವಿಜಯಪುರ, ಬಳ್ಳಾರಿ, ಬೀದರ, ಕಲಬುರಗಿ, ಕೊಪ್ಪಳ, ರಾಯಚೂರು, ಯಾದಗಿರಿ ಎಂಬ ಎಂಟು ಜಿಲ್ಲೆಗಳಲ್ಲಿ ರಾಜ್ಯ ಸರ್ಕಾರದೊಡನೆ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ, ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಗಳು ಕೈಜೋಡಿಸಿದವು. ಇದರ ಒಂದು ಮುಖ್ಯ ಅಂಗ ‘ನರ್ಸ್ ಮಾರ್ಗದರ್ಶಕಿ’ಯರ ಏರ್ಪಾಡು.

ಅದು ಹೀಗಿತ್ತು. ಅನುಭವವುಳ್ಳ ನರ್ಸುಗಳನ್ನು ಆರಿಸಿ, ಕೆಲವು ವಾರ ವಿಶೇಷವಾಗಿ ತರಬೇತುಗೊಳಿಸಿ, ಒಬ್ಬೊಬ್ಬರಿಗೆ ಕೆಲವು ಆರೋಗ್ಯ ಕೇಂದ್ರಗಳನ್ನು ವಹಿಸಿದರು. ಮಾರ್ಗದರ್ಶಕಿ ಕೇಂದ್ರಕ್ಕೆ ಹೋಗಿ ದಿನವೆರಡು ದಿನ ಅಲ್ಲೇ ಉಳಿಯುತ್ತಾಳೆ. ಅಲ್ಲಿನ ನರ್ಸಿನೊಡನೆ ಹೆರಿಗೆ ಮಾಡಿಸುತ್ತಾಳೆ, ಕೇಸಿನ ಹಾಳೆ ತೆರೆದು ಕೂಡಿ ಓದುತ್ತಾಳೆ, ಔಷಧಿಯ ತಟ್ಟೆಯಲ್ಲಿ ಏನಿದೆ ಏನಿಲ್ಲವೆಂದು ನೋಡುತ್ತಾಳೆ, ಇಲ್ಲದ್ದನ್ನು ವೈದ್ಯಾಧಿಕಾರಿಯ ಗಮನಕ್ಕೆ ತರುತ್ತಾಳೆ. ಕೆಲವು ವಾರ ಬಿಟ್ಟು ಮತ್ತೆ ಬರುತ್ತಾಳೆ. ಇವಳು ಇನ್‌ಸ್ಪೆಕ್ಟರಳಲ್ಲ. ಮೆಮೊ ಕೊಡುವ ಅಧಿಕಾರವೂ ಇಲ್ಲ. ಅಧಿಕಾರವಿಲ್ಲದ್ದೇ ಅವಳ ಬಲ ಎಂದು ನನಗೆ ತೋರುತ್ತದೆ. ತಿಳಿಯದ್ದನ್ನು ತಿಳಿಯದೆಂದು ಹೇಳಿಕೊಳ್ಳಲು ಕಿರಿಯ ನರ್ಸ್‌ಗೆ ಹೆದರಿಕೆಯಾಗುವುದಿಲ್ಲ.

ಬಳ್ಳಾರಿ ಮತ್ತು ಆಗಿನ ಗುಲಬರ್ಗಾ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಎರಡು ಸಮಪಾಲು ಮಾಡಿ, 54 ಕೇಂದ್ರಗಳಿಗೆ ಮಾರ್ಗದರ್ಶಕಿಯರನ್ನು ಕಳುಹಿಸಿ, ಉಳಿದ 54ನ್ನು ಎಂದಿನಂತೆ ಬಿಟ್ಟು ಹೋಲಿಸಿ ನೋಡಲಾಯಿತು. ಮಾರ್ಗದರ್ಶಕಿ ಹೋದ ಕೇಂದ್ರಗಳ ನರ್ಸುಗಳ ತಿಳಿವಳಿಕೆಯೂ ಕೇಂದ್ರಗಳ ಸಿದ್ಧತೆಯೂ ಮೇಲ್ಮಟ್ಟದಲ್ಲಿದ್ದವು. ಅನಂತರ ಈ ಏರ್ಪಾಡನ್ನು ಉಳಿದ ಜಿಲ್ಲೆಗಳಿಗೂ ಹಬ್ಬಿಸಲಾಯಿತು.

ರಾಜ್ಯದಲ್ಲಿ ತಾಯಂದಿರ ಸಾವಿನ ಲೆಕ್ಕ ನೋಡಿದರೆ, 2001-03ರಲ್ಲಿ ಲಕ್ಷ ಜೀವಂತ ಜನನಗಳಿಗೆ 228 ಇದ್ದದ್ದು 2018-20ರ ವೇಳೆಗೆ 69ಕ್ಕೆ ಇಳಿದಿದೆ. ಇದಕ್ಕೆ ರಸ್ತೆ, ಆಂಬುಲೆನ್ಸ್, ಆಸ್ಪತ್ರೆ ಹೆರಿಗೆಯ ಪ್ರೋತ್ಸಾಹಧನ, ಹೆಣ್ಣುಮಕ್ಕಳ ಓದು ಎಲ್ಲವೂ ಕಾರಣ; ನರ್ಸಿನ ಕಲಿಕೆಯೊಂದನ್ನೇ ಎತ್ತಿ ಹಿಡಿಯುವುದು ನ್ಯಾಯವಲ್ಲ. ಆದರೆ ಆಂಬುಲೆನ್ಸ್ ಇಳಿಸಿದ ತಾಯಿಯನ್ನು ಎದುರುಗೊಳ್ಳುವವಳು ಅವಳೇ ಅಲ್ಲವೆ?

ನೂರೈವತ್ತು ಗಂಟೆಗಳು

ಇನ್ನು ಕಾನೂನಿನ ಮಾತು. 1947ರ ಕಾಯ್ದೆಯಂತೆ ಭಾರತೀಯ ಶುಶ್ರೂಷಾ ಪರಿಷತ್ತು ಹುಟ್ಟಿತು. ನಮ್ಮ ರಾಜ್ಯದಲ್ಲಿ 1961ರ ಕಾಯ್ದೆಯ ಅನ್ವಯ ಬೆಂಗಳೂರಿನಲ್ಲಿ ರಾಜ್ಯ ಶುಶ್ರೂಷಾ ಪರಿಷತ್ತಿದೆ. ಅಲ್ಲಿ ಹೆಸರು ನೋಂದಾಯಿಸಿದವಳೇ ನರ್ಸ್. 2023ರಲ್ಲಿ ಸಂಸತ್ತು ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗದ ಕಾಯ್ದೆಯನ್ನೂ ಅಂಗೀಕರಿಸಿದೆ. ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಆ ಅವಧಿಯಲ್ಲಿ 150 ಗಂಟೆಗಳ ನಿರಂತರ ಶಿಕ್ಷಣ ಪಡೆದಿರಬೇಕು ಎಂಬುದು ಭಾರತೀಯ ಪರಿಷತ್ತು ಗೊತ್ತುಮಾಡಿದ ಪ್ರಮಾಣ. ವರ್ಷಕ್ಕೆ ಮೂವತ್ತು ಗಂಟೆ. ತಿಂಗಳಿಗೆ ಲೆಕ್ಕ ಹಾಕಿದರೆ ಎರಡೂವರೆ ಗಂಟೆ. ಒಂದು ಸಿನಿಮಾ ನೋಡುವಷ್ಟು ಹೊತ್ತು.

ಹೊತ್ತು ಹೆಚ್ಚಲ್ಲ, ಅದು ಹೇಗೆ ಕಳೆಯುತ್ತದೆಂಬುದೇ ಪ್ರಶ್ನೆ. ಸಭಾಂಗಣದಲ್ಲಿ ದೀಪ ಬೆಳಗಿಸಿ, ಗಣ್ಯರಿಗೆ ಹಾರ ಹಾಕಿ, ಇನ್ನೂರು ಜನರ ಮುಂದೆ ಇಂಗ್ಲಿಷಿನಲ್ಲಿ ಪರದೆಯ ಮೇಲಿನ ಅಕ್ಷರಗಳನ್ನು ಓದಿ, ಊಟ ಬಡಿಸಿ ಪ್ರಮಾಣಪತ್ರ ಹಂಚುವ ಕಾರ್ಯಕ್ರಮವೂ ಗಂಟೆಗಳ ಲೆಕ್ಕಕ್ಕೆ ಸೇರುತ್ತದೆ. ಗೊಂಬೆಯ ಎದೆಯ ಮೇಲೆ ಕೈಯಿಟ್ಟು ಬೆವರು ಸುರಿಸಿ ಕಲಿತದ್ದೂ ಸೇರುತ್ತದೆ. ಎರಡಕ್ಕೂ ಒಂದೇ ಬೆಲೆ ಕಟ್ಟುವುದು ಈ ಪದ್ಧತಿಯ ದೊಡ್ಡ ಕುಂದೆಂದು ಹೇಳದೆ ವಿಧಿಯಿಲ್ಲ. ಕೋವಿಡ್ ಕಾಲದಲ್ಲಿ 2020ರಿಂದ ಮೊಬೈಲಿನಲ್ಲೇ ಪಾಠ ಕೇಳುವ ಸೌಕರ್ಯ ಬಂದಿದೆ; ಬೆಂಗಳೂರಿಗೆ ಒಂದು ರಾತ್ರಿಯ ಬಸ್ ಪ್ರಯಾಣ ದೂರದಲ್ಲಿರುವ ನಮ್ಮವರಿಗೆ ಅದೊಂದು ವರ. ಔಷಧಿಯ ಹೊಸ ಪ್ರಮಾಣ, ಸೋಂಕು ತಡೆಯುವ ನಿಯಮ ಮೊದಲಾದವನ್ನು ಹಾಗೆ ಕಲಿಯಬಹುದು. ಗಾಳಿಚೀಲ ಒತ್ತುವುದನ್ನು ಮೊಬೈಲಿನಲ್ಲಿ ಕಲಿಯಲಾಗದು.

ಒಂದು ಚಿಕ್ಕ ಉದಾಹರಣೆ ಕೊಡುತ್ತೇನೆ. ಮಧುಮೇಹಿಗಳಿರುವ ಪ್ರತಿ ಮನೆಗೂ ಇದು ಬೇಕಾದ ಮಾತು. ನಮ್ಮ ದೇಶದಲ್ಲಿ ಇನ್ಸುಲಿನ್ ಶೀಶೆಗಳು ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್ ಬಲದವು. ಪೆನ್ನಿನಲ್ಲಿ ಹಾಕುವ ಕೊಳವೆಗಳು 100 ಯೂನಿಟ್ ಬಲದವು. ಅದಕ್ಕೆ ತಕ್ಕಂತೆ ಸಿರಿಂಜುಗಳೂ ಎರಡು ಬಗೆ, 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ್ದು. ಅದಲುಬದಲಾದರೆ ಔಷಧಿ ಎರಡೂವರೆ ಪಟ್ಟು ಹೆಚ್ಚೋ ಕಡಿಮೆಯೋ ಆಗುತ್ತದೆ. ಹೆಚ್ಚಾದರೆ ಸಕ್ಕರೆ ತೀರ ಇಳಿದು ರೋಗಿ ಪ್ರಜ್ಞೆ ತಪ್ಪಬಹುದು. ಇದನ್ನು ಕಲಿಸಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷದ ಪಾಠ ಪ್ರತಿ ಚಿಕ್ಕ ದವಾಖಾನೆಯಲ್ಲೂ ನಡೆದಿದೆಯೇ?

ಮುಂದೆ ಓದಬಯಸುವವರಿಗೆ ದಾರಿಗಳೂ ಬೆಳೆದಿವೆ. ಜಿ.ಎನ್.ಎಂ. ಮುಗಿಸಿದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಮಾಡಬಹುದು. ತೀವ್ರ ನಿಗಾ, ನವಜಾತ ಶಿಶು, ಶಸ್ತ್ರಕ್ರಿಯಾ ಕೋಣೆ, ಮಾನಸಿಕ ಆರೋಗ್ಯ, ಕ್ಯಾನ್ಸರ್ ಮೊದಲಾದ ವಿಷಯಗಳಲ್ಲಿ ಒಂದು ವರ್ಷದ ಡಿಪ್ಲೊಮಾಗಳಿವೆ. 2018ರಿಂದ ಉಪಕೇಂದ್ರಗಳನ್ನು ಮೇಲ್ದರ್ಜೆಗೇರಿಸಿದಾಗ, ಆರು ತಿಂಗಳ ಸೇತುಬಂಧ ತರಬೇತಿ ಪಡೆದ ನರ್ಸುಗಳೇ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಹಳ್ಳಿಗೆ ಬಂದರು. ಹಳ್ಳಿಯ ಮುದುಕನ ರಕ್ತದೊತ್ತಡ, ಸಕ್ಕರೆ, ಬಾಯಿಯ ಹುಣ್ಣು, ಹೆಣ್ಣುಮಕ್ಕಳ ಸ್ತನದ ಗಂಟು ಇವನ್ನು ಮೊದಲು ನೋಡುವವರು ಈಗ ಅವರು.

ಈ ವಿಷಯದಲ್ಲಿ ನಮ್ಮ ಭಾಗ ದರಿದ್ರವಾಗಿಲ್ಲ. ಹಿಂದೆ ದೊಡ್ಡ ಬೇನೆ ಬಂದರೆ ಜಮಖಂಡಿ, ಮುಧೋಳದ ಜನ ಗಾಡಿ ಕಟ್ಟಿಕೊಂಡು ಮಿರಜಿಗೆ ಹೋಗುತ್ತಿದ್ದರು; 1894ರಲ್ಲಿ ವಾನ್ಲೆಸ್ ಎಂಬ ಮಿಷನರಿ ವೈದ್ಯರು ಅಲ್ಲಿ ಆಸ್ಪತ್ರೆ ತೆರೆದಿದ್ದರು. ನಮ್ಮ ಹೆಣ್ಣುಮಕ್ಕಳು ರೋಗಿಯ ಮೈಮುಟ್ಟುವ ಈ ಉದ್ಯೋಗಕ್ಕೆ ಬರಲು ಹಿಂಜರಿದಾಗ ಅದನ್ನು ಹೊತ್ತವರು ಮಿಷನ್ ಆಸ್ಪತ್ರೆಗಳ ನರ್ಸುಗಳು, ಅನಂತರ ಕೇರಳದಿಂದ ಬಂದವರು ಎಂಬುದನ್ನು ಕೃತಜ್ಞತೆಯಿಂದ ಒಪ್ಪಬೇಕು. ಕಾಯಕದಲ್ಲಿ ಮೇಲುಕೀಳಿಲ್ಲವೆಂದ ಶರಣರ ನಾಡಿನಲ್ಲಿ ಆ ಹಿಂಜರಿಕೆ ಅಷ್ಟು ದಿನ ಉಳಿದದ್ದೇ ಸೋಜಿಗ. ಇಂದು ಬಾಗಲಕೋಟೆಯಲ್ಲಿ, 1906ರಲ್ಲಿ ಸ್ಥಾಪಿತವಾದ ಬಸವೇಶ್ವರ ವಿದ್ಯಾವರ್ಧಕ ಸಂಘದ ಸಜ್ಜಲಶ್ರೀ ನರ್ಸಿಂಗ್ ಸಂಸ್ಥೆ ಮತ್ತು ಹಾನಗಲ್ಲ ಶ್ರೀ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ನರ್ಸಿಂಗ್ ಸಂಸ್ಥೆ, ಬೆಳಗಾವಿಯಲ್ಲಿ ಕೆ.ಎಲ್.ಇ. ನರ್ಸಿಂಗ್ ಸಂಸ್ಥೆ. ಲೋಕಾಪುರ ಈ ಮೂರರ ನಡುವೆ ಇದೆ. ಈ ಸಂಸ್ಥೆಗಳ ಬೋಧಕಿಯರು ತಿಂಗಳಿಗೊಮ್ಮೆ ಗೊಂಬೆ, ಗಾಳಿಚೀಲ, ಅಳತೆಯ ಹಾಸು ಹಿಡಿದು ಮುಧೋಳ, ಬೀಳಗಿ, ಜಮಖಂಡಿ, ರಬಕವಿಯ ದವಾಖಾನೆಗಳಿಗೇ ಬಂದರೆ, ಸರ್ಕಾರಿ ನರ್ಸುಗಳ ಜೊತೆ ಖಾಸಗಿ ನರ್ಸಿಂಗ್ ಹೋಮುಗಳ ನರ್ಸುಗಳೂ ಒಂದೇ ಮೇಜಿನ ಸುತ್ತ ನಿಂತು ಕಲಿಯಬಹುದು. ಖಾಸಗಿಯವರನ್ನು ಒತ್ತಿ ಹೇಳಲು ಕಾರಣ, ಸರ್ಕಾರಿ ಸೇವೆಯಲ್ಲಿರುವವರಿಗೆ ಇಪ್ಪತ್ತೊಂದು ದಿನಗಳ ಹೆರಿಗೆ ತರಬೇತಿಯಂಥ ಏರ್ಪಾಡುಗಳಾದರೂ ಬಂದಿವೆ. ಹತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ಅಲ್ಪ ಸಂಬಳಕ್ಕೆ ದುಡಿಯುವ ಹುಡುಗಿಯನ್ನು ಕೇಳುವವರಿಲ್ಲ. ತರಬೇತಿಗೆ ಹೋದ ದಿನ ಅವಳ ಸಂಬಳ ಕಡಿತವಾಗುವುದುಂಟು. ಆಸ್ಪತ್ರೆಯ ಮಾಲೀಕರಾದ ವೈದ್ಯಬಂಧುಗಳಲ್ಲಿ ನಮ್ಮ ಪತ್ರಿಕೆಯ ಓದುಗರೂ ಇರಬಹುದು. ಅವರು ಇದನ್ನು ದಯವಿಟ್ಟು ಯೋಚಿಸಬೇಕು.

ಮನೆಯವರ ಪಾಲು

ಕೊನೆಗೆ ಮಾತು ಮನೆಗೇ ಬರುತ್ತದೆ. ಸೊಸೆ ನರ್ಸ್ ಎಂದರೆ ಸಂಬಂಧ ನೋಡುವಾಗ ಸಂತೋಷ. ರಾತ್ರಿಪಾಳಿ ಬಂದಾಗ ಗೊಣಗಾಟ. ರಾತ್ರಿಪಾಳಿ ಮುಗಿಸಿ ಬಂದವಳು ಬೆಳಿಗ್ಗೆ ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳುಹಿಸಿ, ಮಧ್ಯಾಹ್ನ ಎರಡು ತಾಸು ಕಣ್ಣುಮುಚ್ಚಿ, ಮತ್ತೆ ಹೊರಡಬೇಕು. ಅಂಥವಳಿಗೆ ಓದೆಂದು ಹೇಳುವುದು ಸುಲಭ, ಓದುವ ತಾಸನ್ನು ಬಿಡಿಸಿಕೊಡುವುದು ಕಷ್ಟ. ವೈದ್ಯನಾದ ಮಗ ಸಮ್ಮೇಳನಕ್ಕೆಂದು ಮೂರು ದಿನ ಮುಂಬಯಿಗೆ ಹೋದರೆ ಮನೆಗೆ ಹೆಮ್ಮೆ, ನರ್ಸಾದ ಸೊಸೆ ಒಂದು ದಿನದ ತರಬೇತಿಗೆ ಬಾಗಲಕೋಟೆಗೆ ಹೋಗುತ್ತೇನೆಂದರೆ “ಅದೇನು ಕಡ್ಡಾಯವೇ?” ಎಂಬ ಪ್ರಶ್ನೆ. ಅವರಿಬ್ಬರೂ ನಿಲ್ಲುವುದು ಒಂದೇ ಹಾಸಿಗೆಯ ಎರಡು ಬದಿಗೆ. ರೋಗಿಯ ಪಕ್ಕದಲ್ಲಿ ಹೆಚ್ಚು ಹೊತ್ತು ನಿಲ್ಲುವವಳು ಅವಳೇ.

ಹೆರಿಗೆಗೆ ಮಗಳನ್ನು ಕರೆತಂದ ಮನೆಯವರು ದವಾಖಾನೆಯಲ್ಲಿ ಕೇಳಬಹುದಾದ ಮಾತುಗಳೂ ಇವೆ. ರಕ್ತ ಅಳೆಯುವ ಹಾಸು ಇದೆಯೇ, ಕೂಸಿಗೆ ಉಸಿರು ತುಂಬುವ ಚೀಲ ಕೈಗೆಟುಕುವಂತಿದೆಯೇ, ಹೆರಿಗೆ ಮಾಡಿಸುವ ಸಿಸ್ಟರ್ ಇತ್ತೀಚೆಗೆ ಯಾವ ತರಬೇತಿ ಪಡೆದಿದ್ದಾರೆ? ಜಬರದಸ್ತಿಯಿಂದಲ್ಲ, ಸೌಜನ್ಯದಿಂದ. ಕೇಳುವವರಿದ್ದಾರೆಂದು ತಿಳಿದರೆ ಕಪಾಟು ತಾನಾಗಿ ತುಂಬುತ್ತದೆ. ತರಬೇತಿಗೆ ರಜೆ ಕೇಳಿದ ನರ್ಸಿನ ಅರ್ಜಿಗೂ ಬೇಗ ಸಹಿ ಬೀಳುತ್ತದೆ.

ಲೋಕಾಪುರದ ಬಸ್ ನಿಲ್ದಾಣದಿಂದ ಬೆಳಿಗ್ಗೆ ಬಾಗಲಕೋಟೆಯ ಬಸ್ಸು ಹಿಡಿದರೆ, ಒಂದು ದಿನದ ತರಬೇತಿ ಮುಗಿಸಿ ಸಂಜೆಯ ಹೊತ್ತಿಗೆ ಮರಳಬಹುದು. ಆ ದಿನ ಒಲೆಯ ಮುಂದೆ ಯಾರು ನಿಲ್ಲಬೇಕು, ಶಾಲೆ ಬಿಟ್ಟ ಮಕ್ಕಳನ್ನು ಯಾರು ಕರೆತರಬೇಕು ಎಂಬುದನ್ನು ಹಿಂದಿನ ರಾತ್ರಿ ಊಟಕ್ಕೆ ಕುಳಿತಾಗಲೇ ಮಾತನಾಡಿಕೊಂಡರೆ ಆಯಿತು.